ಗಂಟು ತೆಗೆದ ಬೇವು

ಜಗಳ ಹುಟ್ಟಿದ್ದು ‘ಬಿಡ್ರಿ’ ಎಂಬ ಒಂದು ಮಾತಿನಿಂದ. ಬಸವಕಲ್ಯಾಣದ ಹೈವೇ ಬದಿಗೆ ಏಳುತ್ತಿದ್ದ ಹೊಸ ಹೋಟೆಲಿನ ಡಿಸೈನರ್ ಕಾಜಲ, ಹುಮನಾಬಾದಿನ ಬಡಗಿ ಧಮ್ಮಪಾಲನಿಗೆ ಫೋನಿನಲ್ಲಿ, “ಬೇವಿನ ಹಲಗಿ ಮ್ಯಾಲಿನ ಗಂಟು ಬಿಡ್ರಿ” ಅಂದಳು. ಇದ್ದ ಹಾಗೇ ಇರಲಿ ಎಂದು ಅವಳ ಅರ್ಥ. ಬೇಡ ಅಂತಿದ್ದಾರೆ ಎಂದುಕೊಂಡು ಈ ಪುಣ್ಯಾತ್ಮ ಗಂಟನ್ನು ಕೆತ್ತಿ ತೆಗೆದೇಬಿಟ್ಟ.

ಮರುದಿನ ಬಸ್ಸಿಳಿದು ಬಂದವಳು ಹಲಗೆಯ ತೂತಿನೊಳಗೆ ಬೆರಳಿಟ್ಟು ನಿಂತಳು.

“ಇದೇನ್ ಮಾಡೀರಿ, ಮಿಸ್ತ್ರಿ?”

“ನೀವೇ ಬಿಡ್ರಿ ಅಂದ್ರಲ್ರೀ, ಮೇಡಂ.”

“ಬಿಡ್ರಿ ಅಂದ್ರ ಇರ್ಲಿ ಅಂತ.”

“ನಮ್ಮ ಕಡೆ ಬ್ಯಾಡ ಅಂತಾನೂ ಆಗ್ತದರಿ.”

“ತಾಸಿನ ದಾರಿಗೆ ಮಾತಿನ ಅರ್ಥ ಬದಲಾಗ್ತದೇನ್ರಿ?”

ಧಮ್ಮಪಾಲ ತಲೆ ತಗ್ಗಿಸಿ ನಗು ನುಂಗಿದ. ಓರೆಗಣ್ಣಿನಿಂದ ನೋಡಿದರೆ ಅವಳೂ ತುಟಿ ಕಚ್ಚಿಕೊಂಡಿದ್ದಳು.

“ತೂತು ತುಂಬಾಕ ಬರ್ತದೇನು?”

“ತುಂಬಬಹುದ್ರಿ. ಆದ್ರ ಬಣ್ಣ ಕೂಡಂಗಿಲ್ಲ. ಕಾಣ್ತನೇ ಇರ್ತದ.”

ಅಂದೇ ಇಬ್ಬರ ನಡುವೆ ಒಂದು ಕರಾರಾಯಿತು. ಇನ್ನು ಮೇಲೆ ‘ಬಿಡ್ರಿ’ ಅನ್ನುವಂತಿಲ್ಲ. ‘ಇಡ್ರಿ’ ಅನ್ನಬೇಕು, ಇಲ್ಲವೇ ‘ತಗೀರಿ’ ಅನ್ನಬೇಕು.

ನಾರಾಯಣಪುರದಲ್ಲಿ ಕುರಿ ಸಾಕುವ ಮಡೆಪ್ಪನ ಮಗಳು ಅವಳು. ಅಪ್ಪನ ಕುರಿಗಳ ಹಿಂದೆ ಅಲೆಯುತ್ತ ಕಂಡದ್ದೆಲ್ಲ ಡ್ರಾಯಿಂಗಿನಲ್ಲಿ ಬರುತ್ತಿತ್ತು. ಹುತ್ತದ ಹಾಗೆ ಏರುವ ಗೋಡೆ, ತೊಗರಿಕಾಯಿಯ ಹಾಗೆ ಉಬ್ಬಿದ ಕಿಟಕಿ, ಜಾಲಿಯ ಕೊಂಬೆಯನ್ನೇ ಕಾಲು ಮಾಡಿದ ಮೇಜು. “ಮಂದಿ ಡೊಂಕು ತಿದ್ದಸಾಕ ಬರ್ತಾರ, ಈ ಹುಡುಗಿ ಹುಡುಕಿ ಹುಡುಕಿ ಡೊಂಕೇ ಆರಸ್ತಾಳ” ಎಂದು ಧಮ್ಮಪಾಲ ದುಡಿಯುವ ಅಂಗಡಿಯ ಮಾಲೀಕ ಜಹೀರುದ್ದೀನ್ ಗೊಣಗುತ್ತಿದ್ದ. ಧಮ್ಮಪಾಲನಿಗೆ ಮಾತ್ರ ಅವಳ ಕೆಲಸ ಅಂದರೆ ಜೀವ. ಅವಳು ಅಂಗೈಯಿಂದ ಮರದ ಬಾಗು ಸವರಿ, ಕಣ್ಣು ಮುಚ್ಚಿ, “ಹಾಂ, ಇಲ್ಲಿ ಚಂದ ಬಂದದ” ಅಂದ ದಿನ ಅವನಿಗೆ ಖುಷಿಗೆ ಊಟ ಸೇರುತ್ತಿರಲಿಲ್ಲ.

ಕೊನೆಗೆ ಉಳಿದದ್ದು ಕವಲೊಡೆದ ಬೇವಿನ ಬೆಂಚು. ಅದರ ಬಾಗು ಎಂಥದ್ದೆಂದರೆ, ಎರಡು ತುದಿಗೆ ಕೂತವರು ಮುಖ ನೋಡಿಕೊಳ್ಳಲೇಬೇಕು. ಇದು ಮುಗಿದರೆ ಅವಳಿಗೆ ಹುಮನಾಬಾದಿಗೆ ಬರುವ ನೆಪವೇ ಇಲ್ಲ. ಎಂಟು ದಿನದ ಪಾಲಿಶನ್ನು ಅವನು ಇಪ್ಪತ್ತು ದಿನ ಎಳೆದ. ಇನ್ನು ಎಳೆಯಲು ಏನೂ ಉಳಿಯದ ದಿನ, ಇವತ್ತು ಹೇಳಿಯೇ ಬಿಡಬೇಕು ಎಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ.

“ಕೂಡ್ರಿ, ಬಾಗು ನೋಡೂಣು” ಎಂದು ಕಾಜಲ ಒಂದು ತುದಿಗೆ ಕೂತಳು. ಅವನು ಇನ್ನೊಂದು ತುದಿಗೆ ಕೂತ.

“ಮೇಡಂ, ನನ್ನ ಮನಸಿನ್ಯಾಗ ನೀವಿದ್ದೀರಿ.”

ಅವಳು ನೆಲ ನೋಡಿದಳು. “ಗೊತ್ತದ. ನನ್ನ ಮನಸಿನ್ಯಾಗ ಯಾರಿದ್ದಾರ ಅಂತ ಅಪ್ಪಗ ನಾನೇ ಹೇಳೀನಿ. ನಿಮ್ಮ ಓಣಿ ಯಾವುದು ಅಂತ ಕೇಳಿದ. ಹೇಳಿದೆ. ಎರಡು ದಿನ ಉಣ್ಣಲಿಲ್ಲ. ನಿನ್ನೆ ಚಿಟಗುಪ್ಪದ ಗಂಡಿನವರು ಬಂದು ನನಗ ಕುಂಕುಮ ಹಚ್ಚಿ ಹೋದ್ರು.”

ಓಣಿ ಕೇಳುವುದೆಂದರೆ ಜಾತಿ ಕೇಳುವುದು. ಬುದ್ಧವಿಹಾರದ ಓಣಿಯಲ್ಲಿ ಹುಟ್ಟಿದವನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

“ನಾ ಬಂದು ಮಾತಾಡ್ಲೇನ್ರಿ?”

“ಬಿಡ್ರಿ.”

ಕರಾರು ಮುರಿದವಳು ಅವಳೇ. ಧಮ್ಮಪಾಲನ ಎದೆಯಲ್ಲಿ ಒಂದಿಷ್ಟು ಆಸೆ ಹುಟ್ಟಿತು, ಪಾಪ.

“ಬಿಡ್ರಿ ಅಂದ್ರ? ನಿಮ್ಮನ್ನ ಮನಸಿನ್ಯಾಗ ಇಡ್ಲೋ, ತಗೀಲೋ?”

ಕಾಜಲ ಕುರ್ತಾದ ತೋಳಿನಿಂದ ಕಣ್ಣೊರೆಸಿಕೊಂಡಳು. ಸುಳ್ಳು ಆಸೆ ಕೊಡುವ ಜಾಣತನ ಅವಳಿಗಿರಲಿಲ್ಲ.

“ತಗೀರಿ.”

“ಆಗ್ಲಿರಿ.”

ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. “ತೂತು ಉಳೀತದಲ್ರೀ?”

“ಅದನ್ನ ಬಿಡ್ರಿ” ಅಂದ ಧಮ್ಮಪಾಲ.

ಯಾವ ಅರ್ಥದಲ್ಲಿ ಅಂದ ಎಂದು ಅವಳು ಕೇಳಲಿಲ್ಲ. ಬಸವಕಲ್ಯಾಣದ ಬಸ್ಸು ಬಂದಿತ್ತು.