ನಿಂತ ಕಾರಿನ ತಾಳ

"ಈ ಪೆಟ್ರೋಲೆಲ್ಲ ಯಾರ ಹೊಟ್ಟೆ ಸೇರುತ್ತಿದೆ?"

ಪ್ರಯೋಗಾಲಯದಲ್ಲಿ ಬೇರೆ ಯಾರೂ ಇರಲಿಲ್ಲ. ವಿಜಯಮಾಲ ಕೇಳಿದ್ದು ತನ್ನ ಹಣೆಬರಹವನ್ನು. ಅವಳು ರೂಪಿಸಿದ ಎಂಜಿನ್ನಿನಲ್ಲಿ ಕವಾಟಗಳನ್ನು, ಅಂದರೆ ವಾಲ್ವುಗಳನ್ನು, ಎತ್ತಿ ಇಳಿಸುವ ಹಳೆಯ ಉಬ್ಬುದಂಡವಿಲ್ಲ. ಒಂದೊಂದು ಕವಾಟಕ್ಕೂ ಅದರದೇ ವಿದ್ಯುತ್ಕಾಂತ. ಯಾವುದು ಯಾವಾಗ ತೆರೆಯಬೇಕೆಂದು ಗಣಕ ಕ್ಷಣಕ್ಷಣಕ್ಕೂ ನಿರ್ಧರಿಸುತ್ತದೆ. ಹನಿ ಇಂಧನವೂ ವ್ಯರ್ಥವಾಗಬಾರದು. ಮನೆಬಳಕೆಯ ಪರೀಕ್ಷೆಗೆಂದು ಆ ಕಾರನ್ನು ಅವಳು ಮನೆಯಲ್ಲೇ ಇಟ್ಟಿದ್ದಳು. ಬಳಕೆ ಮಿತಿ ಮೀರಿದರೆ ಸರ್ಕಾರದ ಒಪ್ಪಿಗೆಯಿಲ್ಲ. ವರ್ಷಗಟ್ಟಲೆಯ ದುಡಿಮೆ ಗುಜರಿಗೆ. ಈಗ ಪರದೆಯ ಮೇಲೆ ಬಂದ ಲೆಕ್ಕ ನೋಡಿದರೆ, ಕಾರು ಗೇಟು ದಾಟದಿದ್ದರೂ ಟ್ಯಾಂಕು ಬರಿದಾಗುತ್ತಿದೆ.

ರೇಗಿಕೊಂಡೇ ಮನೆಗೆ ಬಂದಳು. ಅಂಗಳದಲ್ಲಿ ನಿಂತ ಕಾರಿನ ಎಂಜಿನ್ ಓಡುತ್ತಿತ್ತು. ಚಾಲಕನ ಸೀಟಿನಲ್ಲಿ ಅವಳ ಮಾವ ಧರಣೇಂದ್ರಯ್ಯ ತೊಡೆಯ ಮೇಲೆ ತಾಳ ಹಾಕುತ್ತ ಕಾವ್ಯ ಓದುತ್ತಿದ್ದರು. ಕರೆದಳು, ಕೂಗಿದಳು. ಭುಜ ತಟ್ಟಿದ ಮೇಲೆ ಅವರು ಶ್ರವಣಯಂತ್ರದ ಗುಂಡಿ ಒತ್ತಿದರು.

"ಈಗ ಹೇಳಮ್ಮ."

"ಇಷ್ಟು ಹೊತ್ತು ಕಿವಿಯ ಯಂತ್ರವನ್ನ ಯಾವ ಸ್ಥಿತಿಗೆ ಹಾಕಿದ್ರಿ?"

"ಸಭಾಭವನದ್ದಕ್ಕೆ. ಬಸದಿಯ ಸಭಾಭವನದಲ್ಲಿ ವಾಚನ ಕೇಳಿ ಬಂದವನು ಬದಲಾಯಿಸೋಕೆ ಮರೆತಿದ್ದೆ. ಕಾರಲ್ಲಿ ಕೂತು ಚಾಲೂ ಮಾಡಿದರೆ ತಾಳ ಕೇಳಿಸ್ತು."

ವಿಜಯಮಾಲಳಿಗೆ ತಿಳಿಯಿತು. ಆ ಸ್ಥಿತಿಯಲ್ಲಿ ಶ್ರವಣಯಂತ್ರ ಸುತ್ತಲಿನ ಸದ್ದನ್ನು ಬಿಟ್ಟು, ಸಭಾಭವನದ ತಂತಿಸುರುಳಿ ಹೊರಡಿಸುವ ಕಾಂತಕ್ಷೇತ್ರವನ್ನಷ್ಟೇ ಹಿಡಿದು ಧ್ವನಿಯಾಗಿಸುತ್ತದೆ. ಇಲ್ಲಿ ಹಿಡಿದದ್ದು ಅವಳ ಕವಾಟಗಳ ವಿದ್ಯುತ್ಕಾಂತಗಳ ಬಡಿತವನ್ನು.

"ಅದು ತಾಳ ಅಲ್ಲ ಮಾವ, ಕಾಂತಕ್ಷೇತ್ರದ ಸೋರಿಕೆ. ನನ್ನ ದೋಷ."

"ದೋಷವೇ? ಮೂರು ನಾಲ್ಕು, ಮೂರು ನಾಲ್ಕು ಅಂತ ಒಂದು ಮಾತ್ರೆ ತಪ್ಪದೆ ಬರ್ತಿದೆ. ನಿನ್ನ ಗಂಡನಿಗೆ ಎಷ್ಟು ಹೇಳಿಕೊಟ್ಟರೂ ಹತ್ತದ ಷಟ್ಪದಿ, ನಿನ್ನ ಎಂಜಿನ್ನಿಗೆ ತಾನಾಗೇ ಬಂತು ನೋಡು."

"ಗಾಡಿ ನಿಂತಾಗ ಪೆಟ್ರೋಲ್ ಉಳೀಲಿ ಅಂತ ಸಿಲಿಂಡರುಗಳಿಗೆ ಸರದಿಯ ಮೇಲೆ ಬಿಡುವು ಕೊಟ್ಟಿದ್ದೆ. ಅದು ಹೀಗೆ ಕೇಳಿಸ್ತಿದೆ." ಅವಳು ಹಣೆ ಒತ್ತಿಕೊಂಡಳು. "ಮೊಬೈಲಿನಲ್ಲಿ ಇದೇ ತಾಳ ಹಾಕಿಕೊಡ್ತೀನಿ, ಇಳೀರಿ."

"ಮೊಬೈಲು ತನ್ನ ಪಾಡಿಗೆ ತಾನು ಓಡುತ್ತೆ. ಇದಾದರೆ ಕಾಲೊತ್ತಿದಷ್ಟು ಚುರುಕು, ಬಿಟ್ಟಷ್ಟು ನಿಧಾನ. ಕಾವ್ಯದಲ್ಲಿ ಅಳು ಬರೋ ಕಡೆ ನನ್ನ ಜೊತೆ ತಡೆದು ನಡೆಯುತ್ತೆ."

"ಸಂಜೆ ಅಧಿಕಾರಿಗಳು ಲೆಕ್ಕ ನೋಡೋಕೆ ಬರ್ತಾರೆ. ಮಿತಿ ಮುಟ್ಟೋಕೆ ಇನ್ನು ಸ್ವಲ್ಪವೇ ಬಾಕಿ. ನಿಮ್ಮ ಕಾಲಿಗೆ ಬೀಳ್ತೀನಿ, ಎಂಜಿನ್ ಆರಿಸಿ ಮಾವ."

ಧರಣೇಂದ್ರಯ್ಯ ಸೊಸೆಯ ಮುಖವನ್ನೇ ನೋಡಿದರು. ಅವಳ ಕಣ್ಣು ತುಂಬಿದ್ದು ಅವರಿಗೆ ಕಾಣದೆ ಇರಲಿಲ್ಲ.

"ಕಿವಿ ಹೋದಂದಿನಿಂದ ಬಾಯಿಗೂ ಬೀಗ ಬಿದ್ದಿತ್ತಮ್ಮ," ಎಂದರು. "ಈ ತಾಳವೇ ಅದನ್ನ ತೆರೆದದ್ದು. ಆರಿಸೋದಿಲ್ಲ."