ಚಿಪ್ಪಣ್ಣನ ತೇವದ ಮನೆ

ಕಲ್ಲುಗಳೂ ಮಾತಾಡುತ್ತಿದ್ದ ಕಾಲದಲ್ಲಿ ನೇಸರವತಿ ಎಂಬ ರಾಜ್ಯವಿತ್ತು. ಅಲ್ಲಿನ ರಾಜಕುಮಾರಿ ಹೇಮಾಜಿಗೆ, ತೀರಿಕೊಂಡ ತಾಯಿ ಬಿಟ್ಟುಹೋದದ್ದು ಒಂದೇ ಒಂದು ಜೀವ, ಅಂಗೈಯಗಲದ ಆಮೆಮರಿ ಚಿಪ್ಪಣ್ಣ. ಅವನು ಬದುಕಿರುವ ತನಕ ರಾಜ್ಯದ ಕೆರೆಗಳು ಬತ್ತುವುದಿಲ್ಲ ಎಂಬ ವರವಿತ್ತು.

ಅರಮನೆಯಲ್ಲಿ ಒಣಕಣ್ಣ ಎಂಬ ಮಂತ್ರವಾದಿಯಿದ್ದ. ನೀರು ಕಂಡರೆ ಮಾರು ದೂರ ಓಡುವ ಆಸಾಮಿ! "ಆಮೆಯ ಮೈಮೇಲೆ ಒಂದು ಹನಿಯೂ ಇರಕೂಡದು, ಅಮ್ಮಣ್ಣಿ," ಎಂದ. ಹೇಮಾಜಿ ನಂಬಿದಳು. ದಿನಾ ರೇಷ್ಮೆ ಬಟ್ಟೆಯಲ್ಲಿ ಒರೆಸಿ, ಬಿಸಿಲುಮಹಡಿಯಲ್ಲಿ ಚಿನ್ನದ ತಟ್ಟೆಯ ಮೇಲೆ ಕೂರಿಸಿದಳು. ಪ್ರೀತಿಗೇನೂ ಕೊರತೆಯಿರಲಿಲ್ಲ, ಪಾಪ. ಆದರೆ ಮರಿ ಬೆಳೆದಂತೆಲ್ಲ ಚಿಪ್ಪು ಉಬ್ಬುಬ್ಬಾಗಿ ಎದ್ದಿತು. ಕೊನೆಗೆ ಚಿಪ್ಪಣ್ಣ ಸೊಪ್ಪು ಮೂಸಲಿಲ್ಲ, ಕಣ್ಣೂ ಬಿಡಲಿಲ್ಲ.

ಮಡಕೆ ಕೊಡಲು ಬಂದ ಕುಂಬಾರರ ದ್ಯಾವಮ್ಮ ಅದನ್ನು ನೋಡಿ ಎದೆ ಬಡಿದುಕೊಂಡಳು. "ಅಯ್ಯೋ ತಾಯಿ! ಹಸಿ ಮಡಕೆನೇ ಬಿಸಿಲಿಗಿಟ್ರೆ ಬಿರುಕು ಬಿಡ್ತದೆ ಅಂತ ಒದ್ದೆ ಗೋಣಿ ಹೊದಿಸಿ ನೆರಳಲ್ಲಿ ಇಡ್ತೀವಿ. ಬೆಳೆಯೋ ಕೂಸನ್ನ ಹಿಂಗಾ ಒಣಗಿಸೋದು?"

"ಬದುಕುತ್ತಾ, ದ್ಯಾವಮ್ಮಾ?"

"ಮೂರು ದಿನ ನನ್ನ ಹತ್ರ ಬಿಡಿ. ನೀವೂ ಬನ್ನಿ."

ಮೊದಲ ದಿನ ಮಡಕೆಮನೆಯ ನೆರಳಲ್ಲಿ ಚಿಪ್ಪಣ್ಣನ ಸುತ್ತ ಒದ್ದೆ ಗೋಣಿ ಕಟ್ಟಿದರು. ಇದು ಕಿವಿಗೆ ಬಿದ್ದದ್ದೇ ಒಣಕಣ್ಣ ಸಿಟ್ಟಾಗಿ, ಮಂತ್ರ ಹಾಕಿ ಬಿಸಿಗಾಳಿ ಬಿಟ್ಟ. ಗೋಣಿ ಒಣಗಿತು. ಹೇಮಾಜಿ ನೀರು ಚಿಮುಕಿಸಿದಳು. ಮತ್ತೆ ಒಣಗಿತು, ಮತ್ತೆ ಚಿಮುಕಿಸಿದಳು. ಸಂಜೆಯ ಹೊತ್ತಿಗೆ ಗಾಳಿಗೇ ಸುಸ್ತಾಯಿತು.

ಎರಡನೆಯ ದಿನ ಒಣಕಣ್ಣ ಬೆಂಕಿಹದ್ದನ್ನು ಬಿಟ್ಟ. ಅದು ಗೋಣಿಯನ್ನೇ ಸುಟ್ಟಿತು. ಇಬ್ಬರೂ ಜೇಡಿಮಣ್ಣು ಕಲಸಿ ಗೂಡು ಕಟ್ಟಿದರು. ಹದ್ದು ಉಗುಳಿದ ಬೆಂಕಿ ಹಸಿಮಣ್ಣಿಗೆ ತಾಗಿ ಚುಂಯ್ ಎಂದು ಆರಿತು.

ಮೂರನೆಯ ದಿನ ಒಣಕಣ್ಣ ತಾನೇ ಬಂದು, ಉದ್ದನೆಯ ಕೋಲಿನಿಂದ ಗೂಡು ಕೆಡವಿದ. ಹೇಮಾಜಿ ಅಳುತ್ತ ಕುಸಿದಳು. ಅಷ್ಟರಲ್ಲಿ ಚಿಪ್ಪಣ್ಣ ಕಣ್ಣು ಬಿಟ್ಟ! ಎರಡು ದಿನದ ತೇವ ಅವನಿಗೆ ಜೀವ ತಂದಿತ್ತು. ಮಣ್ಣು ನೆನೆಹಾಕುವ ಗುಂಡಿಗೆ ತೆವಳಿ, ಮುಂಗಾಲಿನಿಂದ ಪರಪರ ಕೆರೆದು, ಬಿಲ ತೋಡಿ ಒಳಗಿಳಿದ.

"ಎಲ್ಲಿಗೆ ಹೋಗ್ತೀಯೋ!" ಸಿಟ್ಟಿನಲ್ಲಿ ಮೈಮರೆತ ಒಣಕಣ್ಣ ಬಿಲಕ್ಕೆ ಕೈ ಹಾಕಿದ. ಆ ತೇವಕ್ಕೆ ಬೆರಳು ಕರಗಿತು, ತೋಳು ಕರಗಿತು, ಆಸಾಮಿಯೇ ಕರಗಿಹೋದ.

"ಥೂ, ಸುಡದ ಮಣ್ಣಿನ ಬೊಂಬೆ! ಅದಕ್ಕೇ ಇವನಿಗೆ ನಮ್ಮ ಕೆರೆ ಒಣಗಬೇಕಿತ್ತು," ಎಂದಳು ದ್ಯಾವಮ್ಮ.

ಚಿಪ್ಪಣ್ಣ ಹೊರಬಂದು ಸೊಪ್ಪು ತಿಂದ. ಹೇಮಾಜಿ ಅವನ ಉಬ್ಬುಗಳನ್ನು ಸವರುತ್ತ ಕೇಳಿದಳು, "ಇವು ಹೋಗುತ್ತವಾ?"

"ಇಲ್ಲ ತಾಯಿ. ಆಗಿದ್ದು ಆಗೋಯ್ತು. ಇನ್ನು ಬೆಳೆಯೋದು ನಯವಾಗಿ ಬೆಳೀತದೆ."

ಹಾಗೇ ಆಯಿತು. ಹಳೆಯ ಉಬ್ಬುಗಳ ಸುತ್ತ ಹೊಸ ಚಿಪ್ಪು ನುಣ್ಣಗೆ ಬೆಳೆಯಿತು. ಕೆರೆಗಳು ತುಂಬಿ ಜನ ನೆಮ್ಮದಿಯಾಗಿದ್ದರು. ರಾಣಿಯಾದ ಮೇಲೂ ಹೇಮಾಜಿ ಬೆಳಗಾದರೆ ಸೆರಗು ಸಿಕ್ಕಿಸಿ, ಚಿಪ್ಪಣ್ಣನ ಗೋಣಿಗೆ ತಾನೇ ನೀರು ಚಿಮುಕಿಸುತ್ತಿದ್ದಳು.