ನೆವೆನಾಳ ಸುಳ್ಳು ತಾರೀಖು

ಗುರುವಾರ ಬೆಳಿಗ್ಗೆ ನೋಡಿದರೆ ಗಾಜಿನ ಕಪಾಟಿನಲ್ಲಿ ಫ್ಲಾಪಿ ಇರಲಿಲ್ಲ. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ‘ಹೆಣಿಗೆ ಗಿರಣಿಯ ವಿನ್ಯಾಸ ಪ್ರೋಗ್ರಾಂ’ ಎಂಬ ಚೀಟಿಯೂ ಇತ್ತು. ಫ್ಲಾಪಿ ಮಾತ್ರ ಮಾಯ.

ಗಾಬ್ರೊವೊ ಪಟ್ಟಣದ ಬಳಿಯ ನಮ್ಮ ಊರಿನ ವಾಚನಾಲಯವನ್ನು ನೋಡಿಕೊಳ್ಳುವವನು ನಾನು. ಮುಚ್ಚಿಹೋದ ಗಿರಣಿಯ ಸಾಮಾನುಗಳೂ ನನ್ನ ಪಾಲಿಗೇ ಬಂದಿವೆ. ಸ್ವೆಟರುಗಳ ಮೇಲೆ ಚಿತ್ತಾರ ಮೂಡಿಸುತ್ತಿದ್ದ ಆ ಪ್ರೋಗ್ರಾಂ ಬರೆದವರ ಹೆಸರನ್ನು ಹಿತ್ತಾಳೆ ಫಲಕದಲ್ಲಿ ಕೆತ್ತಿಸಲು ಸಮಿತಿ ತೀರ್ಮಾನಿಸಿತ್ತು. ‘ಬರೆದವಳು ನಾನು’ ಎನ್ನುತ್ತಿದ್ದರು ನೆವೆನಾ ಕರೈವಾನೊವಾ. ಗಿರಣಿಯಲ್ಲಿ ಕೀಲಿಮಣೆಯ ಮುಂದೆ ಇಪ್ಪತ್ತು ವರ್ಷ ಕೂತವರು, ಈಗ ಎಪ್ಪತ್ತೊಂದರ ಪ್ರಾಯ. ‘ಬರೆದವನು ನಾನು’ ಎನ್ನುತ್ತಿದ್ದರು ಆಸ್ಪರೂಹ್ ದಿಮ್ಚೆವ್. ಆಗ ನೆವೆನಕ್ಕನ ಮೇಲಧಿಕಾರಿಯಾಗಿದ್ದ ಇಂಜಿನಿಯರ್, ಈಗ ಸಮಿತಿಯ ಸದಸ್ಯ. ಮರುದಿನವೇ ತೀರ್ಪು ಆಗಬೇಕಿತ್ತು.

“ನಕಲು ಇದೆಯಲ್ಲ ಗೆಂಚೊ, ತೆಗಿ,” ಎಂದರು ಸಮಿತಿಯ ಅಧ್ಯಕ್ಷ ಬಾಲೆವ್. ದಿಮ್ಚೆವ್ ಪಕ್ಕದಲ್ಲೇ ನಿಂತಿದ್ದರು.

ಫ್ಲಾಪಿಯನ್ನು ಹಿಂದಿನ ತಿಂಗಳು ನನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದೆ. ಅದರಲ್ಲಿ ಎಂಬತ್ತಕ್ಕೂ ಹೆಚ್ಚು ಕಡತಗಳು. ನಾನು ತೆರೆದು ನೋಡಿದ್ದು ಹತ್ತೋ ಹನ್ನೆರಡೋ. ಬಾಲೆವ್ ಒಂದೊಂದಾಗಿ ತೆಗೆಸುತ್ತ ಹೋದಂತೆ, ಕೊನೆಯಲ್ಲಿ ಒಂದು ಸಿಕ್ಕಿತು. ಮೊದಲ ಸಾಲಿನಲ್ಲೇ ಇಂಜಿನಿಯರ್ ದಿಮ್ಚೆವ್ ಹೆಸರು. ತಾರೀಖು 14 ಮಾರ್ಚ್ 1986. ನೆವೆನಕ್ಕನ ಕಡತಗಳ ಮೇಲಿದ್ದದ್ದು? ಎಲ್ಲದರ ಮೇಲೂ ಒಂದೇ — 1 ಜನವರಿ 1980.

“ಗಿರಣಿಗೆ ಕಂಪ್ಯೂಟರ್ ಬಂದಿದ್ದೇ ಎಂಬತ್ತೈದರಲ್ಲಿ,” ಎಂದು ಬಾಲೆವ್ ನಕ್ಕರು. “ಈಯಮ್ಮ ಅದಕ್ಕೂ ಐದು ವರ್ಷ ಮೊದಲೇ ಬರೆದ್ಲಂತೆ. ತಾರೀಖು ತಿದ್ದಿದಾಳೆ. ಸಿಕ್ಕಿಬೀಳ್ತೀನಿ ಅಂತ ಫ್ಲಾಪೀನೂ ಎತ್ತಿದಾಳೆ. ಇಲ್ಲಿ ಬಂದು ಕಪಾಟು ಒರೆಸೋಳು ಅವಳೇ ತಾನೇ?”

ನಕಲು ಮಾಡುವಾಗ ಏನೋ ಎಡವಟ್ಟಾಗಿ ಹಾಗೆ ಕಾಣುತ್ತಿರಬಹುದು ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಧ್ಯಾಹ್ನದೊಳಗೆ ಬಾಲೆವ್ ಸಂತೆ ಚೌಕದಲ್ಲಿ ನಿಂತು ಅದನ್ನೇ ಜೋರಾಗಿ ಹೇಳಿಯೂ ಆಗಿತ್ತು. ನಲವತ್ತು ವರ್ಷದ ಪರಿಚಯದ ಬನಿತ್ಸಾ ತಿಂಡಿಯ ಅಂಗಡಿಯವಳು ನೆವೆನಕ್ಕನನ್ನು ಕಂಡು ಬೆನ್ನು ತಿರುಗಿಸಿದಳು.

ಸೀದಾ ರೈನಾ ಪೆಂಕೊವಾ ಅವರ ಮನೆಗೆ ಹೋದೆ. ನಿವೃತ್ತ ಪೊಲೀಸ್ ತನಿಖಾಧಿಕಾರಿ. ಮನೆಯ ಟೀವಿ ಹಾಕಲೂ ಅವರಿಗೆ ಮೊಮ್ಮಗಳು ಬೇಕು. ಆದರೆ ಎದುರಿಗಿರುವವರು ಸುಳ್ಳು ಹೇಳಿದರೆ ಹಿಡಿಯಲು ಯಾರ ಸಹಾಯವೂ ಬೇಡ.

ಲ್ಯಾಪ್‌ಟಾಪನ್ನು ದಿಟ್ಟಿಸಿ ಕೇಳಿದರು: “ಸತ್ತ ಕಂಪ್ಯೂಟರಿನ ಪ್ರೋಗ್ರಾಂ ಇದರಲ್ಲಿ ಹೆಂಗೋ ಓಡತ್ತೆ?”

“ಹಳೇದರ ವೇಷ ಹಾಕೋ ಒಂದು ಪ್ರೋಗ್ರಾಂ ಇದರೊಳಗಿದೆ. ಒಳಗಿನ ಚಿಪ್ ಬೇರೆ. ಆದ್ರೂ ಹಳೇ ವ್ಯವಸ್ಥೆ ತಾನಿನ್ನೂ ಗಿರಣೀಲೇ ಇದೀನಿ ಅಂದ್ಕೊಂಡು ಕೆಲಸ ಮಾಡತ್ತೆ.”

“ಪಾಪ. ನಮ್ಮ ಪಿಂಚಣಿದಾರರ ಥರಾನೇ. ವೇಷಕ್ಕೂ ಮೂಲಕ್ಕೂ ಏನೂ ವ್ಯತ್ಯಾಸ ಇಲ್ವಾ?”

“ಮೂಲ ಓಡಿದ್ದನ್ನ ನಾನು ನೋಡೇ ಇಲ್ವಲ್ಲ.”

“ಹಂಗಾದ್ರೆ ನೋಡಿದೀವಿ ಅನ್ನೋರನ್ನ ಕೇಳೋಣ ನಡಿ.”

ದಿಮ್ಚೆವ್ ನಮ್ಮನ್ನು ಆದರದಿಂದ ಕೂರಿಸಿ ಕಾಫಿ ಕೊಟ್ಟರು.

“ನಿನ್ನೆ ಎಲ್ಲಿದ್ರಿ?” — ರೈನಾ.

“ವಾಚನಾಲಯದಲ್ಲಿ. ಹಳೇ ಪ್ರೋಗ್ರಾಂ ನೋಡ್ಬೇಕು ಅಂದೆ, ಗೆಂಚೊ ಅವನ ಲ್ಯಾಪ್‌ಟಾಪ್ ಮುಂದೆ ಕೂರಿಸಿದ. ಒಂದು ಗಂಟೆ ಕೂತಿದ್ದೆ.”

ನಿಜ. ಕಡತ ಉಳಿಸುವುದು ಹೇಗೆಂದು ತೋರಿಸಿಕೊಟ್ಟು ಊಟಕ್ಕೆ ಹೋಗಿದ್ದವನು ನಾನೇ.

“ಗಿರಣೀಲಿ ಕಂಪ್ಯೂಟರ್ ಹಾಕ್ತಿದ್ದೋರು ಯಾರು?”

“ನಾನೇ. ದಿನಾ ಬೆಳಿಗ್ಗೆ ಹಾಕಿ, ಒಬ್ನೇ ಕೂತು ಬರೀತಿದ್ದೆ.”

“ಸ್ವಿಚ್ ಹಾಕಿದ ತಕ್ಷಣ ಏನಾಗ್ತಿತ್ತು?”

“ಏನಾಗತ್ತೆ? ಶುರುವಾಗ್ತಿತ್ತು, ಸೀದಾ ಕೆಲಸ.”

“ಏನೂ ಕೇಳ್ತಿರ್ಲಿಲ್ವಾ?”

“ಕಂಪ್ಯೂಟರ್ ಏನಮ್ಮಾ ಕೇಳತ್ತೆ? ಕಾಫಿನಾ?”

“ಕಡತದ ಮೇಲಿನ ತಾರೀಖು?”

“ಅದೇ ಹಾಕ್ಕೊಳ್ಳತ್ತೆ.”

ರೈನಾ ಕಾಫಿ ಮುಗಿಸಿ ಎದ್ದರು. ಒಂದೇ ಪ್ರಶ್ನೆಯನ್ನು ಎಲ್ಲರಿಗೂ ಕೇಳುವುದು ಅವರ ಹಳೆಯ ಅಭ್ಯಾಸ.

ನೆವೆನಕ್ಕ ಬಾಗಿಲನ್ನು ಅರ್ಧವೇ ತೆರೆದರು. “ಕಳ್ಳಿ ಹೆಂಗಿರ್ತಾಳೆ ಅಂತ ನೋಡೋಕೆ ಬಂದ್ರಾ?”

“ಒಂದೇ ಮಾತು ಕೇಳಿ ಹೋಗ್ತೀನಿ. ಗಿರಣೀಲಿ ಸ್ವಿಚ್ ಹಾಕಿದ ತಕ್ಷಣ ಏನಾಗ್ತಿತ್ತು?”

“ತಾರೀಖು ಕೇಳ್ತಿತ್ತು. ಆಮೇಲೆ ಗಂಟೆ. ಅದರೊಳಗೆ ಗಡಿಯಾರ ಇರ್ಲಿಲ್ವಲ್ಲ.”

“ದಿನಾ ಬರೀತಿದ್ರಾ?”

“ಯಾರಿಗೆ ಪುರಸೊತ್ತು? ಬೆಳಿಗ್ಗೆ ಆರರ ಪಾಳಿ. ಕೆಳಗೆ ಹೆಣಿಗೆ ಯಂತ್ರದ ಹುಡುಗೀರು ಕೂಗಾಡ್ತಿರೋರು. ಎಂಟರ್ ಒತ್ತು, ಇನ್ನೊಂದು ಸಲ ಎಂಟರ್ ಒತ್ತು, ಕೆಲಸಕ್ಕೆ ಕೂರು. ನಾವೆಲ್ಲ ಹಂಗೇ ಮಾಡ್ತಿದ್ದಿದ್ದು.”

“ಈ ಮಾತನ್ನ ಸಮಿತಿಗೆ ಯಾಕೆ ಹೇಳ್ಲಿಲ್ಲ?”

“ಯಾರಮ್ಮ ಕೇಳಿದ್ರು?”

ರೈನಾ ಅವರ ಮುಖ ಅರಳಿತು.

ಶುಕ್ರವಾರ ಸಮಿತಿಯ ಮುಂದೆ ರೈನಾ ನಿಂತೇ ಮಾತಾಡಿದರು.

“ಬಾಲೆವ್, ನಿಮ್ಮೆಲ್ಲರ ಕಣ್ಣು ಕುಕ್ಕಿದ್ದು ನೆವೆನಾ ಅವರ ಸುಳ್ಳು ತಾರೀಖು. ಅದೇ ನಿಜವಾದ ಸಾಕ್ಷಿ. ಗಡಿಯಾರ ಇಲ್ಲದ ಯಂತ್ರಕ್ಕೆ ತಾರೀಖು ಕೊಡದೆ ಎಂಟರ್ ಒತ್ತಿದ್ರೆ ಅದಕ್ಕೆ ದಿನಾ 1 ಜನವರಿ 1980. ಗಿರಣೀಲಿ ಹುಟ್ಟಿದ ಒಂದೊಂದು ಕಡತದ ಮೇಲೂ ಆ ಗುರುತಿದೆ. ಒಂದರ ಮೇಲೆ ಮಾತ್ರ ಇಲ್ಲ.”

“ನಾನು ತಾರೀಖು ಬರೀತಿದ್ದೆ,” ದಿಮ್ಚೆವ್ ತಕ್ಷಣ ಹೇಳಿದರು. “ಶಿಸ್ತಿನ ಮನುಷ್ಯ ನಾನು.”

“ನಿನ್ನೆ ಬೇರೆ ಹೇಳಿದ್ರಿ. ಅದು ಏನೂ ಕೇಳೋದಿಲ್ಲ, ತಾನೇ ಹಾಕ್ಕೊಳ್ಳತ್ತೆ ಅಂತ. ಗೆಂಚೊ ಎದುರಿಗೇ ಇದ್ದ. ಏನೂ ಕೇಳದೆ ಶುರುವಾಗೋ ಕಂಪ್ಯೂಟರ್ ಎಲ್ಲಿದೆ ಹೇಳ್ಲಾ? ಇವನ ಲ್ಯಾಪ್‌ಟಾಪ್ ಒಳಗಿದೆ. ರಾತ್ರಿ ಇವನೇ ತೋರಿಸಿದ: ಅಲ್ಲಿ ವೇಷ ಹಾಕಿದ ಯಂತ್ರ, ಹೊರಗಿನ, ಅಂದ್ರೆ ಲ್ಯಾಪ್‌ಟಾಪಿನ ಗಡಿಯಾರ ನೋಡಿ ತಾರೀಖು ತಿಳ್ಕೊಳ್ಳತ್ತೆ. ಹೊರಗಿನದನ್ನ 1986ಕ್ಕೆ ತಿರುಗಿಸಿದ್ರೆ ಒಳಗಿನದೂ ತಿರುಗತ್ತೆ. ಕಡತ ಉಳಿಸಿ, ಮತ್ತೆ ಸರಿ ಮಾಡಿಟ್ರೆ ಯಾರಿಗೆ ಗೊತ್ತಾಗತ್ತೆ? ನೀವು ಗಿರಣಿಯ ಕಂಪ್ಯೂಟರನ್ನ ಒಂದು ದಿನಾನೂ ಹಾಕಿದೋರಲ್ಲ, ದಿಮ್ಚೆವ್. ಅದು ಮೊದಲು ಏನು ಕೇಳ್ತಿತ್ತು ಅನ್ನೋದೇ ನಿಮಗೆ ಗೊತ್ತಿಲ್ಲ.”

ನನಗೆ ನಾಚಿಕೆಯಾಯಿತು. ತಾರೀಖು ಕೇಳುವ ಆ ಪ್ರಶ್ನೆ ಬರದಂತೆ ವೇಷ ತೊಡಿಸಿಟ್ಟವನು ನಾನೇ.

“ಫ್ಲಾಪಿ?” ಬಾಲೆವ್ ದನಿ ಇಳಿದಿತ್ತು.

“ಅದರಲ್ಲಿ ದಿಮ್ಚೆವ್ ಕಡತ ಇರಲಿಲ್ಲ. ಅದಕ್ಕೇ ಎತ್ತಿದ್ರು. ಬೀಗದಕೈ ಇದೇ ಕೋಣೆಯ ಮೊಳೇಲಿ ನೇತಾಡ್ತಿದೆ, ನೋಡಿ. ಸದಸ್ಯರನ್ನ ಯಾರು ತಡೀತಾರೆ?”

ದಿಮ್ಚೆವ್ ಮೇಜನ್ನೇ ನೋಡುತ್ತ ಕೂತ. ಇನ್ನು ಅವನಿಗೆ ಬಹುವಚನ ನನ್ನ ಬಾಯಲ್ಲಿ ಬರುವುದಿಲ್ಲ. “ಒಲೆಗೆ ಹಾಕ್ದೆ,” ಎಂದ. “ಕೀಲಿಮಣೆ ಕುಟ್ಟೋ ಹೆಂಗಸಿನ ಹೆಸರು ಗೋಡೆ ಮೇಲೆ, ಇಂಜಿನಿಯರ್ ಕೆಳಗೆ ನಿಂತು ಓದೋದಾ?”

ಬಾಲೆವ್ ಎದ್ದು, ಬಾಗಿಲ ಹತ್ತಿರ ಕೂತಿದ್ದ ನೆವೆನಕ್ಕನ ಬಳಿ ಬಂದರು. “ತಪ್ಪಾಯ್ತು ನೆವೆನಕ್ಕ. ಫಲಕ ನಿಮ್ಮ ಹೆಸರಲ್ಲೇ. ಕ್ಷಮಿಸಿಬಿಡಿ.”

“ಇಲ್ಲಿ ಬೇಡ ಬಾಲೆವ್,” ಎಂದರು ನೆವೆನಕ್ಕ, ಕೋಟಿನ ಗುಂಡಿ ಹಾಕಿಕೊಳ್ಳುತ್ತ. “ನೀನು ಕಳ್ಳಿ ಅಂದಿದ್ದು ಸಂತೇಲಿ. ಇವತ್ತೂ ಸಂತೆ ಇದೆ. ಅಲ್ಲೇ ನಿಂತ್ಕೊಂಡು ಹೇಳು, ನಿನ್ನೆಯಷ್ಟೇ ಜೋರಾಗಿ.”

ಬಾಲೆವ್ ಟೋಪಿ ಎತ್ತಿಕೊಂಡರು. ನೆವೆನಕ್ಕ ಆಗಲೇ ಬಾಗಿಲು ದಾಟಿದ್ದರು.